ಮನಸ್ತಾಪ ಮತ್ತು ಮಾನ

ನಾಲ್ವರು ಕೂಡಿದೆಡೆಯಲ್ಲಿ ಭಿನ್ನಾಭಿಪ್ರಾಯ ಸಹಜ. ಬೇಡಿಕೆಯ ಹಿಂದಿರುವ ಮಾನದ ಪ್ರಶ್ನೆಯನ್ನು ಗುರುತಿಸದೆ ಹೋದಾಗ ಅದು ವೈರವಾಗುತ್ತದೆ.

1918ರಲ್ಲಿ ಅಹಮದಾಬಾದಿನ ಗಿರಣಿಗಳಲ್ಲಿ ಪ್ಲೇಗ್ ಕಾಲದ ಬೋನಸ್ಸು ನಿಂತಾಗ ನೇಕಾರರು ಶೇಕಡಾ 35ರಷ್ಟು ವೇತನವೃದ್ಧಿ ಕೇಳಿದರು. ಮಾಲೀಕರು 20ನ್ನು ದಾಟಲೊಲ್ಲರು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಗಾಂಧೀಜಿಯವರೊಡನೆ ಕಾರ್ಮಿಕರ ಪಕ್ಷದಲ್ಲಿ ನಿಂತವರು ಅವರ ಅಕ್ಕ ಅನಸೂಯಾಬೆನ್. 35 ದೊರೆಯದೆ ಮರಳೆವೆಂಬುದು ಕಾರ್ಮಿಕರ ಪ್ರತಿಜ್ಞೆ.

ಗಾಂಧೀಜಿಯವರ ಉಪವಾಸದ ಬಳಿಕ ಒಪ್ಪಂದವಾಯಿತು: ಮೊದಲ ದಿನ 35, ಎರಡನೆಯ ದಿನ 20, ಮೂರನೆಯ ದಿನದಿಂದ ಪಂಚರ ತೀರ್ಪಿನವರೆಗೆ 27.5. ಕಾರ್ಮಿಕರ ಪ್ರತಿಜ್ಞೆಯೂ ಉಳಿಯಿತು, ಮಾಲೀಕರ ಮಾತೂ ಉಳಿಯಿತು. ಪಂಚರಾದ ಆನಂದಶಂಕರ ಧ್ರುವ ಅವರು ಕೊನೆಗೆ 35ನ್ನೇ ವಿಧಿಸಿದರು. ತಮ್ಮ ಉಪವಾಸ ಮಾಲೀಕರ ಮೇಲೆ ಒತ್ತಡ ತಂದ ದೋಷವನ್ನು ಗಾಂಧೀಜಿ ಆತ್ಮಕಥೆಯಲ್ಲಿ ಮರೆಮಾಚಲಿಲ್ಲ.

ಮನೆಯಾಗಲಿ, ಕಚೇರಿಯಾಗಲಿ, ಸಂಘವಾಗಲಿ, ಕಲಹ ಬಗೆಹರಿಸುವವರು ಮೊದಲು ಉಭಯರೂ ಏನನ್ನು ಕಳೆದುಕೊಳ್ಳಲು ಅಂಜುತ್ತಿದ್ದಾರೆಂದು ಅರಿಯಬೇಕು; ಇಬ್ಬರ ಮಾತಿಗೂ ಒಂದೊಂದು ದಿನದ ಗೌರವವಿತ್ತು, ಉಳಿದ ಲೆಕ್ಕವನ್ನು ಇಬ್ಬರೂ ನಂಬುವ ಮೂರನೆಯವರಿಗೆ ಒಪ್ಪಿಸಬೇಕು. ಮಧ್ಯಸ್ಥರಾದವರು ತಮ್ಮ ತಪ್ಪನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಾನ ಉಳಿದೆಡೆ ಮೊತ್ತ ಹೊಂದಿಸುವುದು ಸುಲಭ.