ಡಿಎಸ್ ಪರದೆಯ ಮೇಲೆ ‘ಕಂಪ್ಲಿ’

ಹಳೆಯದೊಂದು ನಿಂಟೆಂಡೊ ಡಿಎಸ್ ಲೈಟ್ ಕೈಗೆ ಸಿಕ್ಕಾಗ ನಮಗೆ ಹೊಳೆದದ್ದು ಇಷ್ಟೇ: ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಬಗ್ಗೆ ಒಂದು ಕನ್ನಡ ಕ್ವಿಜ್ ಬರೆದು ಅದರಲ್ಲಿ ಓಡಿಸೋಣ ಅಂತ. ಹೀಗೆ ನಾವೇ ಬರೆದುಕೊಳ್ಳುವ ಪ್ರೋಗ್ರಾಂಗೆ ಹೋಂಬ್ರೂ ಅಂತಾರೆ. ಮಾರಾಟದ ಆಟಗಳನ್ನು ಕದ್ದು ತುಂಬೋರಿಗೆ ಈ ಪಾಠ ಅಲ್ಲ.

ಇದಕ್ಕೆ ಬೇಕಾದದ್ದು ಫ್ಲ್ಯಾಶ್ ಕಾರ್ಡ್. ನೋಡೋಕೆ ಆಟದ ಕಾರ್ಟ್ರಿಡ್ಜ್ ಥರಾನೇ, ಆದರೆ ಒಳಗೆ ಮೈಕ್ರೊ ಎಸ್‌ಡಿ ಕೂರ್ತದೆ. ನಮ್ಮದು ಹಳೆಯ ಆರ್4. 2 ಜಿಬಿಗಿಂತ ದೊಡ್ಡ ಎಸ್‌ಡಿಎಚ್‌ಸಿ ಹಾಕಿದರೆ ಗುರುತೇ ಹಿಡಿಯಲ್ಲ. ನಾವು ತಂದ ಮೊದಲ ಮೈಕ್ರೊ ಎಸ್‌ಡಿ ಮೇಲೆ 2 ಜಿಬಿ ಅಂತ ಇತ್ತು, ಕಂಪ್ಯೂಟರೂ ಹೌದು ಅಂತು. ಒಳಗೆ ಅದರ ಅರ್ಧವೂ ಇರಲಿಲ್ಲ! ಎರಡು ಸಂಜೆ ಕೋಡ್‌ನಲ್ಲಿ ತಪ್ಪು ಹುಡುಕಿದ್ದು ದಂಡ. ಹಾಗಾಗಿ ಮೊದಲು ಲಿನಕ್ಸ್‌ನಲ್ಲಿ ಎಫ್3, ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿ. ಕಾರ್ಡ್ ಪೂರ್ತಿ ಬರೆದು, ಮತ್ತೆ ಓದಿ, ಸುಳ್ಳನ್ನು ಹಿಡಿದುಕೊಡ್ತವೆ.

ಆಮೇಲೆ ಫ್ಯಾಟ್ ಫಾರ್ಮ್ಯಾಟ್ ಮಾಡಿ, ಫ್ಲ್ಯಾಶ್ ಕಾರ್ಡಿನ ಮೆನು ಫೈಲ್‌ಗಳನ್ನು ಯಾವ ಫೋಲ್ಡರ್‌ನೊಳಗೂ ಇಡದೆ ನೇರವಾಗಿ ಹಾಕಿ. ಮೆನು ಬಂದು, ಪ್ರೋಗ್ರಾಂ ಶುರುವಾಗಿ, ಫೈಲ್ ಮಾತ್ರ ತೆರೆಯಲ್ಲ ಅಂದರೆ ಡಿಎಲ್‌ಡಿಐ ನೋಡಿ. ಎಸ್‌ಡಿ ಓದುವ ರೀತಿ ಒಂದೊಂದು ಫ್ಲ್ಯಾಶ್ ಕಾರ್ಡಿನಲ್ಲಿ ಒಂದೊಂದು ಥರ. ಅದಕ್ಕೆ ಪ್ರೋಗ್ರಾಂನಲ್ಲಿ ಡ್ರೈವರ್‌ಗೆಂದೇ ಜಾಗ ಖಾಲಿ ಬಿಟ್ಟಿರ್ತಾರೆ. ನಿಮ್ಮ ಕಾರ್ಡಿನ ಡ್ರೈವರ್ ಅಲ್ಲಿ ತುಂಬೋದೇ ಡಿಎಲ್‌ಡಿಐ ಪ್ಯಾಚ್. ಕೆಲವು ಕಾರ್ಡ್‌ಗಳು ತಾವೇ ತುಂಬಿಕೊಳ್ತವೆ.

ಇಲ್ಲಿವರೆಗೆ ಸರಿ. ಕೈಕೊಟ್ಟಿದ್ದು ‘ಕಂಪ್ಲಿ’.

ಒಂದೊಂದು ಅಕ್ಷರಕ್ಕೆ ಒಂದೊಂದು ಚಿತ್ರ ಮಾಡಿ ಸಾಲಾಗಿ ಜೋಡಿಸಿದರೆ ಆಯ್ತು ಅಂದುಕೊಂಡಿದ್ವಿ. ಯೂನಿಕೋಡ್‌ನಲ್ಲಿ ಈ ಪದಕ್ಕೆ ಆರು ಸಂಕೇತ: ಕ, ಸೊನ್ನೆ, ಪ, ಅರ್ಧಾಕ್ಷರದ ಗುರುತು, ಲ, ಕೊನೆಗೆ ಗುಡಿಸು. ಗುಡಿಸು ಇರೋದು ಲ ಆದಮೇಲೆ, ಕಾಣಬೇಕಾದದ್ದು ಪ ಮೇಲೆ. ಲ ಒತ್ತಾಗಿ ಕೆಳಗಿಳಿಯಬೇಕು. ಫೋನ್‌ನಲ್ಲಿ ಈ ಕೆಲಸವನ್ನು ಹಾರ್ಫ್‌ಬಝ್‌ನಂಥ ತಂತ್ರಾಂಶ ಸದ್ದಿಲ್ಲದೆ ಮಾಡ್ತದೆ. 67 ಮೆಗಾಹರ್ಟ್ಸ್ ಪ್ರೊಸೆಸರ್, 4 ಎಂಬಿ ಮೆಮೊರಿಯ ಡಿಎಸ್‌ನಲ್ಲಿ ಅದನ್ನು ಮಾಡಿಕೊಡೋರು ಯಾರೂ ಇಲ್ಲ. ನಾವೇ ಬರೆಯೋಕೆ ಹೋಗಿ, ‘ಸ್ತ್ರೀ’ ತನಕ ಬಂದು ಕೈಬಿಟ್ವಿ.

ಕೊನೆಗೆ ಅಡ್ಡದಾರಿ ಹಿಡಿದ್ವಿ. ಪ್ರಶ್ನೆಯನ್ನು ಕಂಪ್ಯೂಟರ್‌ನಲ್ಲೇ ಚಿತ್ರ ಮಾಡಿ, ಗ್ರಿಟ್‌ನಿಂದ ಡಿಎಸ್‌ಗೆ ಬೇಕಾದ ರೂಪಕ್ಕೆ ತಂದ್ವಿ. ಪರದೆ 256×192, 256 ಬಣ್ಣದ ಚಿತ್ರವಾದರೆ ಒಂದಕ್ಕೆ 48 ಕೆಬಿ. ಎಲ್ಲವನ್ನೂ ಮೆಮೊರಿಯಲ್ಲಿ ತುಂಬದೆ ಬೇಕಾದಾಗ ಒಂದೊಂದೇ ಓದಿಸ್ತೀವಿ, ಡಿಎಲ್‌ಡಿಐ ತಲೆನೋವು ಬಿಡದೆ ಕಾಡಿದ್ದು ಅದಕ್ಕೇ. 16 ಪಿಕ್ಸೆಲ್ ಎತ್ತರದಲ್ಲಿ ಒತ್ತಕ್ಷರ ಕಲಸಿಹೋಗ್ತಿತ್ತು. ಸಾಲಿಗೆ 24 ಕೊಟ್ಟೆವು, ಪರದೆಗೆ ಎಂಟು ಸಾಲು ಹಿಡೀತು.

ಈಗ ಮೇಲಿನ ಪರದೆಯಲ್ಲಿ ಪ್ರಶ್ನೆ, ಕೆಳಗಿನ ಟಚ್ ಪರದೆಯಲ್ಲಿ ನಾಲ್ಕು ಉತ್ತರ. ಸಂಡೂರಿನ ಪ್ರಶ್ನೆಗಳು ಇನ್ನೂ ಬಾಕಿ. ಆ ಕಡೆಯವರು ಯಾರಾದರೂ ಇದ್ದರೆ ಬನ್ನಿ, ಅದಿರು ಬಿಟ್ಟು ಬೇರೇನೂ ನಮಗೆ ಹೊಳೀತಿಲ್ಲ.