ಘಟ್ಟದ ಊರುಗಳಲ್ಲಿ ಬೈಠಕ್ ನಡೆಸುವವರಿಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಯಲ್ಲಿ ಹಿಂದೂಸ್ತಾನಿ ಸಂಗೀತ ಕೇಳುವ ಮಂದಿ ಇಂದಿಗೂ ಇದ್ದಾರೆ. ರಾತ್ರಿ ಬಸ್ಸಿಲ್ಲ, ತಬಲಾ ಸಾಥಿಗೆ ಜನ ಸಿಗುವುದಿಲ್ಲ ಎಂಬ ಕಾರಣಕ್ಕೇ ಎಷ್ಟೋ ಊರಿನ ಬೈಠಕ್‌ಗಳು ನಿಂತಿವೆ. ಬಹುಕಾಲ ಈ ಕೆಲಸದಲ್ಲೇ ಇರುವವನಾಗಿ ಹೊಸ ಸಂಘಟಕರಿಗೆ ನಾಲ್ಕು ಮಾತು ಹೇಳುತ್ತೇನೆ.

1. ಬಸ್ಸಿನ ವೇಳೆ ನೋಡಿ ಕಛೇರಿಯ ವೇಳೆ ಇಡಿ. ಸಂಜೆ ಆರಕ್ಕೆಂದರೆ ಹಾಲು ಕರೆಯುವವರು ಬರಲಾರರು; ಒಂಬತ್ತಕ್ಕೆ ಮುಗಿದರೆ ದೂರದವರು ಮನೆ ಮುಟ್ಟಲಾರರು. ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಇಡಿ, ಇಲ್ಲವೇ ಅಹೋರಾತ್ರಿ ಮಾಡಿ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತ ನಡೆದುಬಂದದ್ದು ಅಹೋರಾತ್ರಿಯೇ. ಪಟ್ಟಣದ ಸಂಜೆಯ ಸಭೆಯಲ್ಲಿ ಸಿಗದ ಲಲಿತ್, ಭಟಿಯಾರ್ ರಾಗಗಳು ಬೆಳಗಿನ ಜಾವದ ಅವುಗಳದೇ ಹೊತ್ತಿನಲ್ಲಿ ಕೇಳಸಿಗುತ್ತವೆ. ಆಮೇಲೆ ಚಹಾ ಕುಡಿದು ಮೊದಲ ಬಸ್ಸು ಹತ್ತಬಹುದು.

2. ಜಗಲಿ, ಚೌಕಿಯ ಬೈಠಕ್ಕಿಗೆ ಮೈಕ್ ಬೇಡ. ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕಲು 2000ದ ಶಬ್ದಮಾಲಿನ್ಯ ನಿಯಮ ಬಿಡುವುದಿಲ್ಲ, ಅದೂ ನೆನಪಿರಲಿ.

3. ಗಾಯಕರನ್ನು ಒಪ್ಪಿಸುವ ಫೋನಿನಲ್ಲೇ ಶ್ರುತಿ ಕೇಳಿಬಿಡಿ. ಹಾಡುವವರದು ಹಾರ್ಮೋನಿಯಂನ ಕರಿ ಐದು, ಊರಲ್ಲಿರುವುದು ಕರಿ ಒಂದರ ಅಗಲ ಬಾಯಿಯ ದಾಯಾಂ (ಬಲಗೈ ತಬಲಾ) ಎಂದಾದರೆ ಸುತ್ತಿಗೆ ಬಡಿದು ಏರಿಸುವಂತಿಲ್ಲ, ಪುಡಿ (ಬಾಯಿಯ ಚರ್ಮ) ಹರಿದೀತು. ಚಿಕ್ಕ ಬಾಯಿಯ ಇನ್ನೊಂದು ದಾಯಾಂ ಊರಲ್ಲಿರಲೇಬೇಕು. ನಮ್ಮ ಮಳೆಗಾಲದ ಥಂಡಿಗೆ ಪುಡಿ ಸಡಿಲಾಗಿ ನಾದ ಕುಸಿಯುತ್ತದೆ, ಹಾರ್ಮೋನಿಯಂ ರೀಡಿಗೆ ಕಿಲುಬು ಹಿಡಿಯುತ್ತದೆ. ವಾದ್ಯಗಳನ್ನು ಬೆಚ್ಚಗಿನ ಕೋಣೆಯಲ್ಲಿಡಿ, ವಾರಕ್ಕೊಮ್ಮೆಯಾದರೂ ನುಡಿಸಿ. ಶ್ರುತಿಯನ್ನು ಮೊದಲೇ ಕೂಡಿಸಿಡಿ; ಗಾದಿ ಮೇಲೆ ಕೂತು ಅರ್ಧ ಗಂಟೆ ಶ್ರುತಿ ಮಾಡುತ್ತಿದ್ದರೆ ಎದುರಿಗಿರುವ ಮಕ್ಕಳು ಎದ್ದು ಹೋಗುತ್ತಾರೆ.

4. ಸಾಥಿಗಳನ್ನು ಊರಲ್ಲೇ ಬೆಳೆಸಿ. ಎಲ್ಲಕ್ಕಿಂತ ದೊಡ್ಡ ಕೆಲಸ ಇದೇ. ತಬಲಾ, ಹಾರ್ಮೋನಿಯಂ ಎರಡಕ್ಕೂ ಹುಬ್ಬಳ್ಳಿ-ಧಾರವಾಡದಿಂದಲೇ ಜನ ಬರಬೇಕೆಂದರೆ ವರ್ಷಕ್ಕೊಂದು ಕಛೇರಿಯೂ ಭಾರವೇ. ಕಲಿಸುವವರು ನಮ್ಮಲ್ಲೇ ಇದ್ದಾರೆ. ಪಂಚಾಕ್ಷರ ಗವಾಯಿಗಳು ಊರೂರು ಸುತ್ತುವ ಸಂಗೀತ ಪಾಠಶಾಲೆ ಕಟ್ಟಿ, ಕಡೆಗೆ ಗದಗಿನಲ್ಲಿ ನೆಲೆ ನಿಂತರು. ಅವರ ನಂತರ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಅಲ್ಲಿ ಕಲಿತವರು ನಾಡಿನ ಮೂಲೆಮೂಲೆಯಲ್ಲಿ ಮೇಷ್ಟ್ರಾಗಿದ್ದಾರೆ. ಅಂಥವರೊಬ್ಬರನ್ನು ವಾರಕ್ಕೊಂದು ದಿನ ಕರೆಸಿಕೊಳ್ಳಿ. ಪ್ರತಿ ಬೈಠಕ್ಕಿನ ಮೊದಲ ಅರ್ಧ ತಾಸು ಅವರ ಶಿಷ್ಯರದಾಗಲಿ. ಅಪ್ಪ, ಅಮ್ಮ, ಅಜ್ಜಿ ಸಮೇತ ಮನೆಮಂದಿ ಬರುತ್ತಾರೆ, ಮುಖ್ಯ ಗಾಯನಕ್ಕೂ ಕೂರುತ್ತಾರೆ.

5. ಒಬ್ಬ ದೊಡ್ಡ ದಾನಿಗಿಂತ ಐವತ್ತು ಮನೆಯ ಪಟ್ಟಿ ಮೇಲು. ದಾನಿ ಕೈಬಿಟ್ಟ ವರ್ಷವೇ ಕಛೇರಿ ನಿಲ್ಲುತ್ತದೆ. ಸಂಭಾವನೆಯನ್ನು ಕಲಾವಿದರು ಹೊರಡುವ ಮೊದಲೇ ಕೊಡಿ, ಸಾಥಿಗಳದ್ದನ್ನು ಅವರವರ ಕೈಗೇ ಕೊಡಿ.

ಈ ಸಲದ ಅಡಿಕೆ ಕೊಯ್ಲಿಗೆ ಮೊದಲೇ ನಿಮ್ಮೂರಲ್ಲೊಂದು ದಿನ ಗೊತ್ತುಮಾಡಿ. ಗಾಯಕರನ್ನು ಹುಡುಕುವ ಮೊದಲು ಊರ ಹುಡುಗರಿಬ್ಬರನ್ನು ತಬಲಾ ಪಾಠಕ್ಕೆ ಕೂರಿಸಿ.