ಬಿಗಿದ ಕಟ್ಟಿನ ವಿಷಯವಾಗಿ

ಕಬ್ಬಿನ ಗಾಡಿಯಿಂದ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಮುರಿದಾಗ, ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಯ ನಮ್ಮ ಜನರಲ್ಲಿ ಅನೇಕರು ಬಿದಿರ ದಬ್ಬೆಯಿಟ್ಟು ಬಟ್ಟೆಯಿಂದ ಬಲವಾಗಿ ಬಿಗಿಯುವುದನ್ನೇ ಚಿಕಿತ್ಸೆಯೆಂದು ನಂಬಿರುವರು. ನಾಟಿ ವೈದ್ಯರ ಕೈಗುಣವನ್ನು ನಾನು ಹಳಿಯುತ್ತಿಲ್ಲ; ಕಟ್ಟು ಬಿಗಿಯಾದಷ್ಟೂ ಒಳ್ಳೆಯದೆಂಬ ನಂಬಿಕೆ ಮಾತ್ರ ಅನರ್ಥಕ್ಕೆ ಮೂಲ.

ನಮ್ಮ ದೇಹದಲ್ಲಿ ಫ್ಯಾಸಿಯಾ ಎಂಬ ತಂತುಮಯವಾದ ಪೊರೆಯುಂಟು. ಚರ್ಮದಡಿಯ ಸಡಿಲ ಪೊರೆ ಕೊಬ್ಬನ್ನು ಧರಿಸಿರುವುದು. ಒಡಲೊಳಗಿನದು ಅಂಗಗಳನ್ನು ಸುತ್ತಿ ಸ್ವಸ್ಥಾನದಲ್ಲಿ ನಿಲ್ಲಿಸುವುದು. ಅಂಗಾಲಿನದು ಹಿಮ್ಮಡಿಯಿಂದ ಬೆರಳುಗಳತ್ತ ಹರಡಿ ಪಾದದ ಕಮಾನನ್ನು ಕಾಯುವುದು. ಇಲ್ಲಿ ಮುಖ್ಯವಾದುದು, ಸ್ನಾಯುಗಳನ್ನು ಗುಂಪುಗುಂಪಾಗಿ ವಿಂಗಡಿಸಿ ಸುತ್ತುವರಿದ ಆಳದ ಪೊರೆ. ಸೆಣಬಿನ ಚೀಲದಂತೆ ಅದು ಹಿಗ್ಗಲೊಲ್ಲದು. ಮುರಿದೆಡೆಯಲ್ಲಿ ರಕ್ತ ಸೋರಿ ಬಾವು ಏರಿದಂತೆಲ್ಲ ಒಳಗಣ ಒತ್ತಡ ಹೆಚ್ಚಿ, ಸೂಕ್ಷ್ಮ ರಕ್ತನಾಳಗಳು ಅದುಮಿಹೋಗಿ, 5-6 ಗಂಟೆ ಕಳೆಯುವಷ್ಟರಲ್ಲಿ ಸ್ನಾಯುವೂ ನರವೂ ಸಾಯತೊಡಗಬಹುದು. ಹೊರಗಣ ಬಿಗಿಕಟ್ಟು ಆ ಒತ್ತಡವನ್ನು ಇನ್ನಷ್ಟು ಏರಿಸುವುದು.

ಆದುದರಿಂದ ದಬ್ಬೆಯನ್ನು ಅಲುಗದಂತೆ ಕಟ್ಟಿರಿ, ಬಿಗಿಯದಿರಿ. ಗಾಯವನ್ನು ಮೀರಿದ ನೋವು, ಮತ್ತೊಬ್ಬರು ಕಾಲ್ಬೆರಳನ್ನು ಮೆಲ್ಲನೆ ಚಾಚಿದರೂ ಚೀರಿಸುವ ನೋವು, ಜೋಮು ಕಂಡೊಡನೆ ಕಟ್ಟನ್ನು ಸಡಿಲಿಸಿರಿ. ಪಾದದಲ್ಲಿ ನಾಡಿ ಸಿಕ್ಕಿತೆಂದು ಸಮಾಧಾನ ತಾಳಬೇಡಿ. ಅದು ನಿಲ್ಲುವುದು ಕಟ್ಟಕಡೆಗೆ. ಎಣ್ಣೆ ಹಚ್ಚಿ ನೀವುವುದಂತೂ ಬೇಡವೇ ಬೇಡ. ರಾತ್ರಿಯಾಯಿತೆಂದು ಬೆಳಗಿನವರೆಗೆ ಕಾಯದೆ, ಮಂಡ್ಯದ ದೊಡ್ಡಾಸ್ಪತ್ರೆಯಂತಹ, ಶಸ್ತ್ರವೈದ್ಯರಿರುವ ಕಡೆಗೆ ಕರೆದೊಯ್ಯಿರಿ. ಅಲ್ಲಿ ವೈದ್ಯರು ಆ ಪೊರೆಯನ್ನೇ ಉದ್ದಕ್ಕೆ ಸೀಳಿ ಒತ್ತಡವನ್ನಿಳಿಸಬೇಕಾದೀತು. ಮುರಿದುದು ಮೂಳೆಯಾದರೆ ಮಾಂಸವನ್ನೇಕೆ ಕೊಯ್ಯುವುದೆಂದು ರುಜು ಹಾಕಲು ಹಿಂಜರಿಯುವ ಮನೆಯ ಹಿರಿಯರಿಗೆ ಇದನ್ನು ದಾರಿಯಲ್ಲಿಯೇ ತಿಳಿಯಹೇಳಿರಿ.